ಹೊಳೆಯಾಚೆಯ ಮಿಂಚುಳ್ಳಿ

ಲ್ಯಾರಿಗೆ ಹೊಸಂಗಡಿಯಲ್ಲಿ ಮದುವೆ ವಿಡಿಯೋ ತೆಗೆಯುವ ಅಂಗಡಿ. ಅವನು ಹೊಸ ಕ್ಯಾಮೆರಾ ಕೊಂಡ ಮೇಲೆ ಹಳೆಯ ಕ್ಯಾಮ್‌ಕಾರ್ಡರ್ ಹೆಂಡತಿ ವೆರೊನಿಕಾಳ ಪಾಲಿಗೆ ಬಂತು. ಪಾರ್ಶ್ವವಾಯು ಬಡಿದು ಮಲಗಿದ ಅತ್ತೆಯನ್ನು ಬಿಟ್ಟು ಇಗರ್ಜಿಗೂ ಹೋಗಲಾಗದ ಅವಳು, ಅತ್ತೆಯ ಕೋಣೆಯ, ಹೊಳೆ ಕಾಣುವ ಕಿಟಕಿಯಲ್ಲೇ ಅದರ ಸ್ಟ್ಯಾಂಡ್ ಹೂಡಿದಳು.

ಕ್ಯಾಮೆರಾದ ಮುಂದೆ, ದೂರದ್ದನ್ನು ಹತ್ತಿರ ತೋರಿಸುವ ಟೆಲಿಕನ್ವರ್ಟರ್ ಲೆನ್ಸ್ ತಿರುಗಿಸಿ ಕೂರಿಸಿ, ಜೂಮ್ ಮಾಡಿದರೆ ಹೊಳೆಯಾಚೆಯ ಮಿಂಚುಳ್ಳಿ ಪರದೆ ತುಂಬುತ್ತಿತ್ತು; ಕಿಟಕಿಯ ಸರಳುಗಳು ಮಸುಕಾಗಿ ಮಾಯವಾಗುತ್ತಿದ್ದವು. ಜೂಮ್ ಬಿಟ್ಟರೆ ನಾಲ್ಕೂ ಮೂಲೆಗೆ ಕಪ್ಪು ಕವಿದು, ಸರಳುಗಳು ಮತ್ತೆ ಎದುರು ನಿಲ್ಲುತ್ತಿದ್ದವು.

ಕ್ರಿಸ್‌ಮಸ್ಸಿಗೆ ನಾದಿನಿ ವೆನಿಸ್ಸಾ ಮಂಗಳೂರಿನಿಂದ ಬಂದಳು. ಹೆತ್ತ ತಾಯಿಯ ಹಾಸಿಗೆ ಒಂದು ದಿನವೂ ಬದಲಿಸದವಳು, ಚಾವಡಿಯ ಟಿವಿಯಲ್ಲಿ ವೆರೊನಿಕಾಳ ಟೇಪು ನೋಡುತ್ತ ಕೂತು ಹೇಳಿದಳು: "ಎಂತ ಚಂದ ಉಂಟು ಅತ್ತಿಗೆ! ನಿಮಗೆ ಒಳ್ಳೆ ಪುರುಸೊತ್ತು, ಇಡೀ ದಿನ ಹೊಳೆಬದಿ ತಿರುಗಬಹುದು."

ಅಷ್ಟರಲ್ಲಿ ಟಿವಿಯ ಮಿಂಚುಳ್ಳಿ ಕೊಕ್ಕು ತೆರೆಯಿತು. "ವೆರೊನಿಕಾ, ನೀರು!" ಎಂದಿತು ಅತ್ತೆಯ ದನಿ. ಲೆನ್ಸು ದೂರದ ಹಕ್ಕಿಯನ್ನು ಹಿಡಿದರೂ ಮೈಕು ಪಕ್ಕದ ಮಂಚದ ಕೂಗನ್ನೇ ಹಿಡಿದಿತ್ತು. ಅಣ್ಣ ತಂಗಿ ಬಿದ್ದು ಬಿದ್ದು ನಕ್ಕರು.

"ಎಲ್ಲ ಟೇಪಿನಲ್ಲೂ ಇದೇ ರಗಳೆ ಮಾರಾಯ್ತಿ," ಎಂದು ಲ್ಯಾರಿ ರಿಮೋಟ್ ಒತ್ತಿ ಟಿವಿಯ ಬಾಯಿ ಮುಚ್ಚಿಸಿದ. "ಈಗ ನೋಡು, ಲಾಯ್ಕ ಉಂಟು."

ಮಿಂಚುಳ್ಳಿ ಸದ್ದಿಲ್ಲದೆ ಹಾರಿಹೋಯಿತು. ಬರೀ ಕೊಂಬೆ ಉಳಿಯಿತು.

"ವೆರೊನಿಕಾ!"

ವೆರೊನಿಕಾ ಎದ್ದು ಅತ್ತೆಯ ಕೋಣೆಗೆ ನಡೆದಳು. ಟಿವಿಯ ಬಾಯಿ ಇನ್ನೂ ಮುಚ್ಚಿಲ್ಲವೆಂದುಕೊಂಡು ಲ್ಯಾರಿ ಅದರತ್ತ ಕೈಚಾಚಿ ಇನ್ನೊಮ್ಮೆ ರಿಮೋಟ್ ಒತ್ತಿದ.