ಏಳೂ ನಲವತ್ತರ ಗಣರಾಜ್ಯ

ನಮ್ಮ ದೇಶದ ಉದ್ದ ಮೂವತ್ತು ಅಡಿ, ಅಗಲ ಎಂಟು. ಕೆಳಗೆ ಆರು ಟೈರು, ಮೇಲೆ ಉದ್ದಕ್ಕೂ, ಎಳೆದರೆ ಬಸ್ಸು ನಿಲ್ಲುವ ಗಂಟೆಯ ಹಗ್ಗ. ಹೊನವಾಡದಿಂದ ಹೊರಟು ಟಿಕೋಟ, ತೊರವಿ ದಾಟಿ ವಿಜಾಪುರ ಮುಟ್ಟುವ ಬೆಳಗಿನ ಬಸ್ಸು ಇದು. ಏಳೂ ನಲವತ್ತಕ್ಕೆ ಟಿಕೋಟದಲ್ಲಿ ನಾನು ಹತ್ತುತ್ತೇನೆ.

ಚುನಾವಣೆಯ ಗದ್ದಲದ ದಿನಗಳಲ್ಲಿ ಯಾರೋ ತಮಾಷೆಗೆ, ನಮ್ಮದೂ ಒಂದು ರಾಜ್ಯ ಆಗಲಿ ಎಂದರು. ಆಗಿಯೇ ಬಿಟ್ಟಿತು. ನಿತ್ಯ ಓಡಾಡುವ ಇಪ್ಪತ್ತು ಮಂದಿ ಪ್ರಜೆಗಳು. ಪತ್ರಿಕೆಯವನೆಂದು ನಾನು ಕಾರ್ಯದರ್ಶಿ. (ಕಾರ್ಯದರ್ಶಿಗೆ ಓಟಿಲ್ಲ.)

ಕಿಟಕಿಯಿಂದ ಟವೆಲ್ ಎಸೆದವನಿಗೇ ಸೀಟು ಎನ್ನುವುದು ಟವೆಲ್ ಪಕ್ಷ. ಮುಖಂಡರು ಕ್ಲಾರ್ಕ್ ಶಿವನಗೌಡರು. ಮೊದಲು ಹತ್ತಿದವನಿಗೇ ಸೀಟು ಎನ್ನುವುದು ಮೆಟ್ಟಿಲು ಪಕ್ಷ. ಮುಖಂಡರು ಹಣಮಂತ ಮಾಸ್ತರರು. ಒಂಬತ್ತಕ್ಕೆ ಒಂಬತ್ತು. ಉಳಿದವರೊಬ್ಬರು ಪಕ್ಷೇತರ, ಹೊನವಾಡದ ದ್ರಾಕ್ಷಿ ಬೆಳೆಗಾರ ಗುರಲಿಂಗಪ್ಪ. ಅವರಿಗೆ ದಿನಾ ಕಿಟಕಿ ಪಕ್ಕದ ಸೀಟು. ಕಾರಣ ಹೇಳಬೇಕೆ?

ಕಳೆದ ಸೋಮವಾರ ನೀಲವ್ವ ಒಂದು ಬೇಡಿಕೆ ಇಟ್ಟರು. ತೊರವಿಯಲ್ಲಿ ಹತ್ತುವ ಈಕೆ ವಿಜಾಪುರದ ದವಾಖಾನೆಯೊಂದರಲ್ಲಿ ಆಯಾ. ಹೊಲದ ಮನೆಯಿಂದ ಸ್ಟಾಪಿನ ತನಕ ಓಡಿ ಬರಬೇಕು.

"ಇನ್ನೊಮ್ಮೆ ತಡಾ ಆದ್ರ ಬರೂದ ಬ್ಯಾಡ ಅಂದಾರ್ರಿ ನರ್ಸಬಾಯಾರು. ನಾ ಕಾಣ್ಲಿಲ್ಲಂದ್ರ ಎರಡ ಮಿನಿಟ ಬಸ್ ನಿಂದ್ರಸ್ರಿ, ಯಪ್ಪಾ."

ಮಂಗಳವಾರ ಟಿಕೋಟ ಬಿಟ್ಟ ಕೂಡಲೇ ಚರ್ಚೆ ಶುರು.

"ಆಕಿ ನಮ್ಮ ಪ್ರಜಾನ ಅಲ್ಲಲ್ರಿ," ಎಂದರು ಶಿವನಗೌಡರು. "ದಿನಾ ನಿಂತ ಬರ್ತಾಳ. ಟವೆಲ್ ಇಲ್ಲ, ಸೀಟ ಇಲ್ಲ."

"ಬಸ್ ನಿಂದ್ರಸಾಕ ಟವೆಲ್ ಯಾಕ್ರಿ ಗೌಡ್ರ? ಆದ್ರ ಎರಡ ಮಿನಿಟ ಅಂದ್ರ ಎಲ್ಲಾರಿಗೂ ಎರಡ ಮಿನಿಟ. ತಿದ್ದುಪಡಿ ಬರ್ಕೋರಿ," ಎಂದು ಮಾಸ್ತರರು ನನ್ನತ್ತ ತಿರುಗಿದರು. ಬರೆದುಕೊಂಡೆ.

ಎಲ್ಲರ ಕಣ್ಣು ಗುರಲಿಂಗಪ್ಪನವರ ಮೇಲೆ. "ಇಲ್ಲಿ ಗಾಳಿನ ಬರೂದಿಲ್ರಿ," ಎಂದರು ಅವರು. ಟವೆಲ್ ಪಕ್ಷ ಎದುರಿನ ಕಿಟಕಿ ಕೊಟ್ಟಿತು. "ಇಲ್ಲಿ ಧೂಳ ಭಾಳ ಐತಿ." ಮೆಟ್ಟಿಲು ಪಕ್ಷ ಡ್ರೈವರನ ಹಿಂದಿನ ಸೀಟು ಬಿಟ್ಟಿತು. ಅಲ್ಲಿ ನೆಮ್ಮದಿಯಾಗಿ ಕೂತು, "ಹೆಣ್ಮಗಳು, ಪಾಪ. ನಂದೂ ಹೂಂ ಅಂತ ಬರೀರಿ," ಎಂದರು. ಸೋತವರೆನಿಸಿಕೊಳ್ಳಲು ಇಷ್ಟವಿಲ್ಲದ ಟವೆಲ್ ಪಕ್ಷವೂ ಹೂಂ ಎಂದಿತು. ಸರ್ವಾನುಮತ. ಚಪ್ಪಾಳೆ.

ಸಮಯ ದಾಖಲಿಸಲು ಗಡಿಯಾರ ನೋಡಿದೆ. ಆಮೇಲೆ ಹೊರಗೆ. ತೊರವಿ ಯಾವಾಗಲೋ ದಾಟಿ, ವಿಜಾಪುರದ ಮನೆಗಳು ಶುರುವಾಗಿದ್ದವು.

ಸ್ಟಾಪಿನಲ್ಲಿ ಯಾರೂ ಇಲ್ಲದಿದ್ದರೆ ಡ್ರೈವರ್ ನಿಲ್ಲಿಸುವುದಿಲ್ಲ. ನಮ್ಮ ಸಂವಿಧಾನ ಅವನಿಗೆ ಗೊತ್ತಿಲ್ಲ. ಅವನು ನಿಲ್ಲಿಸುವುದಿಲ್ಲವೆಂದು ನನಗೆ ಗೊತ್ತಿತ್ತು. ತಿದ್ದುಪಡಿ ಬರೆಯುವಾಗ, ಹೊಲದ ಬದುವಿನ ಮೇಲೆ ಹಸಿರು ಸೀರೆಯೊಂದು ಕೈ ಎತ್ತಿ ಓಡುತ್ತಿದ್ದುದನ್ನೂ ಕಂಡಿದ್ದೆ. ವಾಕ್ಯ ಮುಗಿಸೋಣ ಎಂದುಕೊಂಡಿದ್ದೆ.

ತಮಾಷೆಗೆ ಕಟ್ಟಿದ ರಾಜ್ಯವೂ ಎರಡೇ ತಿಂಗಳಲ್ಲಿ ಥೇಟ್ ಅಸಲಿಯ ಹಾಗೆ ನಡೆಯಬೇಕೆ?

ನಿನ್ನೆ ನೀಲವ್ವ ಮತ್ತೆ ಹತ್ತಿದರು. ಕೆಲಸಕ್ಕಲ್ಲ, ದವಾಖಾನೆಯವರು ಕೊಟ್ಟಿದ್ದ ಹಸಿರು ಸೀರೆ ವಾಪಸ್ ಕೊಡಲು. ಶಿವನಗೌಡರು ಎದ್ದು ಸೀಟು ಬಿಟ್ಟುಕೊಟ್ಟರು. ಆಕೆ ಕೂಡಲಿಲ್ಲ. ನಿಮ್ಮ ಠರಾವು ಒಮ್ಮತದಿಂದ ಪಾಸಾಗಿದೆ ಎಂದು ಮಾಸ್ತರರು ತಿಳಿಸಿದರು.

ನೀಲವ್ವ ತಲೆ ಎತ್ತಿ, ನಮ್ಮೆಲ್ಲರ ಕೈಗೆ ಎಟಕುವಷ್ಟು ಕೆಳಗೆ ಜೋತಾಡುತ್ತಿದ್ದ ಗಂಟೆಯ ಹಗ್ಗ ನೋಡಿದರು.

"ಇದನ್ನ ಜಗ್ಗಾಕ ಎಷ್ಟ ಓಟ ಬೇಕ್ರಿ, ನಿಮ್ಮ ರಾಜ್ಯದಾಗ?"