ಮನೆ ಮುಂದಿನ ಸಮಾಧಿ

ತೆಂಗಿನ ನಾರು ತೆಗೆಯುವ ಯಂತ್ರ ಕೂರಿಸಿಕೊಡಲು ನಾನೂ ಬೆಳ್ಳಾವಿಯ ಗೆಳೆಯನೂ ಪೆಸಿಫಿಕ್ ಸಾಗರದ ಸಮೋವಾಕ್ಕೆ ಹೋಗಿದ್ದೆವು. ಭಾನುವಾರ ಅಲ್ಲಿ ಕೆಲಸವೂ ಇಲ್ಲ, ಬಸ್ಸೂ ಇಲ್ಲ. ದ್ವೀಪ ನೋಡೋಣವೆಂದು ಕಡಲ ದಂಡೆ ಹಿಡಿದು ನಡೆದೆವು. ಎಲ್ಲಿ ನೋಡಿದರೂ ತೆಂಗಿನ ಮರ. ಗುಬ್ಬಿಯಲ್ಲಿ ಹುಟ್ಟಿದವನು ಇದನ್ನು ನೋಡಲು ಇಷ್ಟು ಸಮುದ್ರ ದಾಟಬೇಕಿತ್ತೇ ಎಂದು ರೇಗಿಹೋಯಿತು. ಬಿಸಿಲಿಗೆ ಕಾಲು ಸೋತಾಗ ಒಂದು ಮನೆಯ ಮುಂದೆ ಸಿಮೆಂಟಿನ ಜಗಲಿ ಕಂಡಿತು. ನಮ್ಮ ಕಡೆ ದಾರಿಹೋಕರು ಜಗಲಿಯಲ್ಲಿ ಕೂರಲು ಯಾರನ್ನೂ ಕೇಳಬೇಕಿಲ್ಲ. ಚಪ್ಪಲಿ ಬಿಟ್ಟು, ಕೂತು, ಕಾಲು ಚಾಚಿದೆ.

"ಏಳ್ಲಾ, ಅದು ಸಮಾಧಿ ಕಣ್ಲಾ!" ಎಂದು ಗೆಳೆಯ ಕೂಗಿದ. ತಲೆಯ ಕಡೆ ಇದ್ದ ಶಿಲುಬೆಯನ್ನು ನಾನು ನೋಡಿರಲಿಲ್ಲ.

ಧಡಕ್ಕನೆ ಎದ್ದೆ. ಅಷ್ಟರಲ್ಲಿ ಮನೆಯೊಳಗಿಂದ ವಯಸ್ಸಾದ ಹೆಂಗಸೊಬ್ಬರು ಬಂದರು. ಬೈಸಿಕೊಳ್ಳಲು ತಯಾರಾಗಿ ಕೈಮುಗಿದೆ. ಅವರು ಬೈಯಲಿಲ್ಲ. ತಾವೇ ಸಮಾಧಿಯ ಮೇಲೆ ಕೂತು, ಪಕ್ಕದ ಜಾಗವನ್ನು ತಟ್ಟಿ, ಹರಕು ಇಂಗ್ಲಿಷಿನಲ್ಲಿ, "ಇವನು ನನ್ನ ಮಗ. ಕೂತ್ಕೊ, ಅವನಿಗೂ ಜನ ಬೇಕಲ್ಲ" ಎಂದರು.

ನನಗೆ ಕೂರಲಾಗಲಿಲ್ಲ. ನಮ್ಮಪ್ಪನನ್ನೂ ಗುಬ್ಬಿ ರಸ್ತೆಯ ನಮ್ಮ ತೋಟದಲ್ಲೇ, ಅಪ್ಪ ನೆಟ್ಟ ತೆಂಗಿನ ಬುಡದಲ್ಲೇ ಮಣ್ಣು ಮಾಡಿದ್ದೆವು. ಆ ತೋಟ ಈಗ ಲೇಔಟಾಗಿದೆ. ಹೋದ ಮಹಾಲಯ ಅಮಾವಾಸ್ಯೆಗೆ ಎಡೆ ಹಿಡಿದುಕೊಂಡು ಹೋದಾಗ ಗೇಟಿನಲ್ಲಿದ್ದ ವಾಚ್‌ಮನ್ ನಗುಮುಖದಿಂದ ಕೇಳಿದ್ದ: "ಬನ್ನಿ ಸಾರ್, ಯಾವ್ ಸೈಟ್ ನೋಡ್ಬೇಕಿತ್ತು?"