ಬಿದ್ದದ್ದರಿಂದ ಆದದ್ದಲ್ಲ

ನಾನು ಎಲುಬು-ಕೀಲು ವೈದ್ಯನಾಗಿ ಸಿಂಧನೂರಿಗೆ ಬಂದು ಆರು ವರ್ಷವಾಗಿತ್ತು. ಒಂದು ದಿನ ಮಸ್ಕಿ ಕಡೆಯಿಂದ ಇಪ್ಪತ್ತಾರರ ರೇಣುಕಾ ತನ್ನ ತಾಯಿ ಹನುಮವ್ವನೊಂದಿಗೆ ಬಂದಳು. ಅಂಗನವಾಡಿ ಸಹಾಯಕಿ. ಬಲಗಾಲು ಐದು ಸೆಂಟಿಮೀಟರ್ ಗಿಡ್ಡ. ನಡೆದರೆ ಮೈಯೆಲ್ಲ ಬಲಕ್ಕೆ ವಾಲುತ್ತಿತ್ತು. ಈಚೆಗೆ ಸಂಜೆಯಾದರೆ ನೋವು.

ಹಳೆಯ ಚೀಟಿಯೊಂದರಲ್ಲಿ ಹುಟ್ಟಿನಿಂದಲೇ ಸೊಂಟದ ಕೀಲು ಜಾರಿದೆ ಎಂದಿತ್ತು. ಹನುಮವ್ವ ಹೇಳಿದ್ದೇ ಬೇರೆ: "ಮೂರು ತಿಂಗಳ ಕೂಸಿದ್ದಾಗ ನನ್ನ ಕೈಯಾಗಿಂದ ಬಿದ್ದಾಳ್ರಿ. ನಮ್ಮತ್ತಿ ಸಾಯೋತನಕ ಅದನ್ನ ಅಂದ್ರು."

ಎಕ್ಸ್‌ರೇ ಎರಡು ಮಾತಿಗೂ ಹೊಂದಲಿಲ್ಲ. ತೊಡೆಮೂಳೆಯ ಮೇಲ್ತುದಿಯ ಗುಂಡು ತಲೆಯೇ ಇರಲಿಲ್ಲ. ಹುಟ್ಟಿನಿಂದ ಜಾರಿದ್ದರೆ ಆ ತಲೆ ಪಕ್ಕಕ್ಕೆ ಸರಿದು ಕಾಣುತ್ತಿತ್ತು; ಬಿದ್ದರೆ ಎಲುಬು ಮುರಿದೀತು, ಹೀಗೆ ಕರಗದು. ನರ್ಸ್ ಎದುರಿಗೆ ಪರೀಕ್ಷಿಸಿದಾಗ ತೊಡೆಸಂದಿನಲ್ಲಿ ಹಳೆಯ ಕಲೆಯೊಂದು ಕಂಡಿತು. ಕೇಳಿದೆ.

"ಹನ್ನೆರಡು ದಿನದ ಕೂಸಿಗೆ ಜ್ವರ ಬಂದಿತ್ರಿ. ಅರಿವಿ ಬದಲಿಸಿದ್ರ ಚೀರತಿತ್ತು, ಆ ಕಾಲು ಆಡಸ್ತಿದ್ದಿಲ್ಲ. ಆಮ್ಯಾಲ ಬಾವು ಒಡದು ಕೀವು ಬಂತು," ಎಂದರು ಹನುಮವ್ವ.

ಅದು ಸೆಪ್ಟಿಕ್ ಆರ್ಥ್ರೈಟಿಸ್. ಕೀಲಿನೊಳಗೆ ಕೀವಾಗಿ, ಕೂಸಿನ ಮೆದು ಎಲುಬನ್ನು ಕೆಲವೇ ದಿನಗಳಲ್ಲಿ ತಿಂದುಹಾಕುವ ಸೋಂಕು.

ಕಾರಣವೇನೋ ತಿಳಿಯಿತು, ಚಿಕಿತ್ಸೆ ಇನ್ನಷ್ಟು ಗೋಜಲಾಯಿತು. ಕೃತಕ ಕೀಲು ಹಾಕಿದರೆ ಕಾಲು ಹೆಚ್ಚುಕಡಿಮೆ ಸಮವಾದೀತು. ಆದರೆ ನರ ಎಳೆದು ಪಾದದ ಶಕ್ತಿ ಹೋಗಬಹುದು, ಸೋಂಕು ಮರಳಬಹುದು. ಇಬ್ಬರು ಹಿರಿಯ ವೈದ್ಯರಿಗೆ ಎಕ್ಸ್‌ರೇ ಕಳಿಸಿದೆ. ಒಬ್ಬರು ಮಾಡು ಎಂದರು, ಇನ್ನೊಬ್ಬರು ಮುಟ್ಟಬೇಡ ಎಂದರು.

"ಆಪರೇಷನ್ ಆದಮ್ಯಾಲ ಮಕ್ಕಳ ಜೋಡಿ ಕೆಳಗ ಕೂಡಾಕ ಬರತೈತೇನ್ರಿ ಸರ್?" ರೇಣುಕಾ ಕೇಳಿದಳು.

"ಬರಂಗಿಲ್ಲ ಅನಸ್ತದವ್ವ."

"ಹಂಗಾದ್ರ ಈಗ ಬ್ಯಾಡ್ರಿ."

ಬಲ ಚಪ್ಪಲಿಯ ಅಟ್ಟೆ ಎತ್ತರಿಸಿ, ವ್ಯಾಯಾಮ ಕಲಿಸಿದೆವು. ಮೂರು ತಿಂಗಳಲ್ಲಿ ನೋವು ತಗ್ಗಿತು, ವಾಲುವುದು ಉಳಿಯಿತು. ಆ ಭೇಟಿಯಲ್ಲಿ ಹನುಮವ್ವ ಕೇಳಿದರು: "ನಾ ಬೀಳಿಸಿದ್ದರಿಂದ ಅಲ್ಲ ಅಂದ್ರಿ. ಹಂಗಾದ್ರ ಜ್ವರ ಬಂದಾಗ ದವಾಖಾನಿಗೆ ತಂದಿದ್ರ ಕಾಲು ಉಳೀತಿತ್ತೇನ್ರಿ?"

ಹೌದೆಂದರೆ ಅವರ ತಲೆಗೆ ಇನ್ನೊಂದು ತಪ್ಪು ಹೊರಿಸಿದಂತೆ, ಅಲ್ಲವೆಂದರೆ ಸುಳ್ಳು. ಅಷ್ಟರಲ್ಲಿ ರೇಣುಕಾಳೇ ಅಂದಳು, "ತಂದಿದ್ದಿಯಲ್ಲಬೇ ಯವ್ವ, ಮರ್ತಿಯೇನು? ಜ್ವರದ ಔಷಧ ಕೊಟ್ಟು ಕಳಿಸಿದ್ರು ಅಂತ ನೀನ ಹೇಳಿದ್ದಿ."

"ಆಗ ಕಾಲು ಯಾರೂ ನೋಡಲಿಲ್ಲೇನು?" ಎಂದೆ.

"ಅರಿವಿ ಬಿಚ್ಚಲಿಲ್ರಿ," ಎಂದರು ಹನುಮವ್ವ.

ಆಪರೇಷನ್ ಮಾಡದೆ ಬಿಟ್ಟದ್ದು ಸರಿಯೇ ಎಂಬುದು ನನಗಿನ್ನೂ ಗೊತ್ತಿಲ್ಲ. ಈಗ ಜ್ವರದ ಎಳೆಗೂಸು ಯಾರ ಕಂಕುಳಲ್ಲಿ ಕಂಡರೂ ಬಟ್ಟೆ ಬಿಚ್ಚಿಸುತ್ತೇನೆ. ಎರಡೂ ಕಾಲು ಆಡುವವರೆಗೆ ಅಲ್ಲೇ ನಿಂತಿರುತ್ತೇನೆ.